ಹತ್ತೊಂಬತ್ತನೇ ತಟ್ಟೆಯ ಚಕ್ಕುಬಂದಿ

ಅಮೆರಿಕದ ಕ್ಯಾಂಟನ್ನಿನ ಕನ್ನಡದ ಹೆಂಗಸರಲ್ಲಿ ಪ್ಲಾಸ್ಟಿಕ್ ಚೀಲ ತೊಳೆದು ಒಣಗಿಸದವರು ಯಾರೂ ಇಲ್ಲ. ನಾನು ಹಾಗೆ ಮಾಡುವುದಿಲ್ಲ ಎಂದು ಯಾರಾದರೂ ಹೇಳಿದರೆ ಅವರ ಸಿಂಕಿನ ಕೆಳಗಿನ ಕಪಾಟು ತೆಗೆದು ನೋಡಬೇಕು; ಮೊಸರಿನ ಖಾಲಿ ಡಬ್ಬಿಗಳು ಒಂದರ ತಲೆಯ ಮೇಲೊಂದು ಕೂತಿರುತ್ತವೆ. ಆದರೆ ಈ ವಿದ್ಯೆಯಲ್ಲಿ ಗುರುದೇವಿಯನ್ನು ಮೀರಿಸಿದವರು ಇರಲಿಲ್ಲ. ಜಿಪ್ ಚೀಲವನ್ನು ಒಳಹೊರಗು ಮಗುಚಿ, ಬಿಸಿನೀರಲ್ಲಿ ಅದ್ದಿ, ಅಡುಗೆಮನೆಯ ಕಿಟಕಿಯ ಗಾಜಿಗೆ ಅಂಟಿಸಿ ಒಣಗಿಸುತ್ತಿದ್ದಳು. ಮಗ ಸ್ವರೂಪ ಹೈಸ್ಕೂಲಿನ ಗೆಳೆಯರನ್ನು ಕರೆತರುವ ಮುಂಚೆ ಆ ಚೀಲಗಳನ್ನೆಲ್ಲ ಕಿತ್ತು ಸೋಫಾದ ಹಿಂದೆ ತುರುಕುತ್ತಿದ್ದ. "ಮಾಮ್, ಇಟ್ಸ್ ಸೋ ಎಂಬರಾಸಿಂಗ್" ಎನ್ನುತ್ತಿದ್ದ. ಗುರುದೇವಿ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಗಟ್ಟಿ ಇರುವ ವಸ್ತುವನ್ನು ಬಿಸಾಡುವುದು ಅವಳ ಮಟ್ಟಿಗೆ ಶುದ್ಧ ಸೋಮಾರಿತನ.

ಈ ಒಳ್ಳೆಯ ಗುಣವೇ ಅವಳನ್ನು ಹೇಗೆ ಗುಂಡಿಗೆ ಕೆಡವಿತು, ಅಲ್ಲಿಂದ ಅವಳು ಯಾರ ಕೈಯನ್ನೂ ಹಿಡಿಯದೆ ಹೇಗೆ ಎದ್ದು ಬಂದಳು ಎಂಬುದೇ ಇಲ್ಲಿಯ ಕಥೆ.

ಗುರುದೇವಿ ನವಲಗುಂದ ಕಡೆ ಹೊಲಗಳ ಲೆಕ್ಕಪತ್ರ ಇಡುತ್ತಿದ್ದ ತಲಾಟಿಯೊಬ್ಬರ ಮಗಳು. ಎಂಬತ್ತರ ದಶಕದ ಕೊನೆಯಲ್ಲಿ ಧಾರವಾಡದಲ್ಲಿ ಕೃಷಿ ಓದಿ, ಸಸ್ಯರೋಗಶಾಸ್ತ್ರದಲ್ಲಿ ಎಂ.ಎಸ್‌ಸಿ. ಮಾಡಿದವಳು. ಜೋಳದ ಎಲೆಯ ಮೇಲೆ ಏಳುವ ಬೂಷ್ಟುಗಳ ಬಗ್ಗೆ ಪ್ರಬಂಧ ಬರೆದಿದ್ದಳು. ಆಮೇಲೆ ಮೆಕ್ಯಾನಿಕಲ್ ಎಂಜಿನಿಯರ್ ಶಿವಬಸಪ್ಪನ ಕೈಹಿಡಿದು ಮಿಶಿಗನ್ನಿಗೆ ಬಂದಳು. ಪದವಿಯ ಕಾಗದ ಟ್ರಂಕಿನಲ್ಲಿ ಇಳಕಲ್ ಸೀರೆಯ ಕೆಳಗೆ ಇಪ್ಪತ್ತು ವರ್ಷ ಮಲಗಿತ್ತು. ಆ ಇಪ್ಪತ್ತು ವರ್ಷದಲ್ಲಿ ಅವಳು ನೋಡಿದ ಬೂಷ್ಟೆಂದರೆ ಫ್ರಿಜ್ಜಿನ ಹಿಂದೆ ಮರೆತ ನಿಂಬೆಹಣ್ಣಿನದು.

2008ರ ಅಕ್ಟೋಬರಿನಲ್ಲಿ ಕಾರಿನ ಬ್ರೇಕಿನ ಭಾಗಗಳನ್ನು ಮಾಡುವ ಕಂಪನಿ ಶಿವಬಸಪ್ಪನನ್ನೂ ಅವನ ಜೊತೆಯ ನಲವತ್ತು ಜನರನ್ನೂ ಒಂದೇ ಬೆಳಗ್ಗೆ ಮನೆಗೆ ಕಳಿಸಿತು. ಅವರ ಬಡಾವಣೆಯಲ್ಲಿ ಆ ಚಳಿಗಾಲ ಹಗಲು ಹೊತ್ತಿನಲ್ಲಿ ಡ್ರೈವ್‌ವೇ ತುಂಬ ಕಾರುಗಳು ನಿಂತಿರುತ್ತಿದ್ದವು. ಕೆಲಸಕ್ಕೆ ಹೋಗುವವರು ಅಷ್ಟು ಕಡಿಮೆಯಾಗಿದ್ದರು. ಶಿವಬಸಪ್ಪ ದಿನಕ್ಕೆ ಹತ್ತು ಕಡೆ ಅಪ್ಲೈ ಮಾಡಿದ. ಉತ್ತರ ಬರುವುದೂ ನಿಂತ ಮೇಲೆ ಗುರುದೇವಿ ಟ್ರಂಕು ತೆರೆದಳು. ಸುಮ್ಮನೆ ಕೂತು ಅಳುವ ಜಾಯಮಾನ ಅವಳದಲ್ಲ. ಎರಡು ತಿಂಗಳು ಹಗಲಿಡೀ ಅಪ್ಲೈ ಮಾಡಿ, ಕೊನೆಗೆ ಮುನ್ನೂರು ಮೈಲಿಗೆ ಸ್ವಲ್ಪ ಕಡಿಮೆ ದೂರದಲ್ಲಿ, ಚಿಕಾಗೋ ಪಕ್ಕದ ಎಲ್ಕ್ ಗ್ರೋವ್ ವಿಲೇಜಿನಲ್ಲಿ, ಗೋಧಿಬೀಜದ ಕಂಪನಿಯೊಂದರ ಸಣ್ಣ ಲ್ಯಾಬಿನಲ್ಲಿ ಟೆಕ್ನಿಷಿಯನ್ ಕೆಲಸ ಹಿಡಿದಳು. ಮನೆಮಂದಿಯ ವೈದ್ಯಕೀಯ ವಿಮೆ ಅಂದಿನಿಂದ ಅವಳ ಹೆಸರಿನ ಮೇಲೆ ನಿಂತಿತು. ಸೋಮವಾರ ನಸುಕಿನಲ್ಲಿ ಹೊರಟು 94ನೇ ಹೆದ್ದಾರಿ ಹಿಡಿದರೆ, ಶುಕ್ರವಾರ ಸಂಜೆ ಮತ್ತೆ ಅದೇ 94ರಲ್ಲಿ ವಾಪಸು. ವಾರದ ನಡುವೆ ಶಾಂಬರ್ಗಿನಲ್ಲಿ ಇಂದುಮತಿ ಎಂಬ ನಿವೃತ್ತ ನರ್ಸ್ ಮನೆಯ ಮೇಲಿನ ಕೋಣೆ. ನಲವತ್ತಾರನೇ ವಯಸ್ಸಿನಲ್ಲಿ ಮತ್ತೆ ಹಾಸ್ಟೆಲ್ಲಿಗೆ ಸೇರಿದಂತಾಗಿತ್ತು.

ಲ್ಯಾಬಿನ ಯಜಮಾನ ದ್ವಾರಕಾನಾಥ, ಮೈಸೂರಿನವರು, ಪಿಎಚ್‌ಡಿ ಪಡೆದವರು, ಇಸ್ತ್ರಿ ಮಾಡಿದ ಕೋಟು, ಇಸ್ತ್ರಿ ಮಾಡಿದ ಮಾತು. ಮೊದಲ ದಿನ ಕನ್ನಡ ಕೇಳಿ ಸಂತೋಷಪಟ್ಟರು, ಎರಡನೇ ದಿನ ಗುರುದೇವಿ ಬೂಷ್ಟು ಬೆಳೆಸುವ ಕೈಚಳಕ ನೋಡಿ ಇನ್ನೂ ಸಂತೋಷಪಟ್ಟರು. ರೋಗ ಬಿದ್ದ ಎಲೆಯ ತುಣುಕಿನಿಂದ ಒಂದೇ ಒಂದು ಬೀಜಕಣವನ್ನು ಸೂಜಿಯಲ್ಲಿ ಎತ್ತಿ, ಗಾಜಿನ ತಟ್ಟೆಯ ಮೇಲೆ ಬಿತ್ತಿ, ಅದರ ಸಂತಾನವನ್ನಷ್ಟೇ ಬೆಳೆಸುವುದು ಅವಳಿಗೆ ಬೆರಳ ತುದಿಯ ಕೆಲಸ. ಅವಳ ತಟ್ಟೆಗಳಲ್ಲಿ ಪರಕೀಯ ಬೂಷ್ಟು ಒಂದು ಚುಕ್ಕೆಯೂ ಏಳುತ್ತಿರಲಿಲ್ಲ. ಆದರೆ ಆಮೇಲಿನ ಕೆಲಸ, ಎಂದರೆ ಶಿಲೀಂಧ್ರದ ಡಿಎನ್‌ಎ ತೆಗೆಯುವುದು, ಒಂದು ಜೀನನ್ನು ಯಂತ್ರದಲ್ಲಿಟ್ಟು ಕೋಟಿ ಪ್ರತಿ ಮಾಡಿ ನೋಡುವುದು, ಅವಳು ಓದುವಾಗ ಧಾರವಾಡಕ್ಕೆ ಇನ್ನೂ ಬಂದಿರಲಿಲ್ಲ. ಅದನ್ನು ಅವಳು ಇಲ್ಲಿ ಬಂದು, ವಯಸ್ಸಿನ ಮುಜುಗರ ಬದಿಗಿಟ್ಟು ಕಲಿತಳು.

ಅವರು ಹುಡುಕುತ್ತಿದ್ದುದು ಒಂದು ವಿಷದ ಜೀನು. ಗೋಧಿಗೆ ಬರುವ ಶಿಲೀಂಧ್ರಗಳು ಹಲವು. ಅವುಗಳಲ್ಲಿ ಕೆಲವು ಈ ವಿಷ ತಯಾರಿಸುತ್ತವೆ; ವಿಷ ತಗುಲಿದ ಎಲೆ ತಾನೇ ಸತ್ತು ಶಿಲೀಂಧ್ರಕ್ಕೆ ಊಟವಾಗುತ್ತದೆ. ಮೂರು ವರ್ಷದ ಹಿಂದೆ ವಿಜ್ಞಾನಿಗಳು ಒಂದು ಬೆರಗಿನ ಸಂಗತಿ ಪ್ರಕಟಿಸಿದ್ದರು. ಒಂದು ಶಿಲೀಂಧ್ರದ ಬಳಿ ಇದ್ದ ಈ ಜೀನು ಇನ್ನೊಂದು ಜಾತಿಯ ಶಿಲೀಂಧ್ರಕ್ಕೆ ಹಾಗೇ ಇಡಿಯಾಗಿ ದಾಟಿಹೋಗಿತ್ತು, ಅದೂ ಬಹುಶಃ ನಮ್ಮ ಅಜ್ಜಂದಿರ ಕಾಲದಲ್ಲಿ. ಅಲ್ಲಿಯವರೆಗೆ ಲೆಕ್ಕಕ್ಕಿಲ್ಲದ ಬಡಪಾಯಿಯಾಗಿದ್ದ ಆ ಎರಡನೆಯದು ಜೀನು ಸಿಕ್ಕಿದ್ದೇ ಹೊಲಗಳನ್ನು ಹಾಳುಮಾಡುವ ರೋಗವಾಯಿತು. ಗುಣ ಎಂಬುದು ತಾಯಿಯಿಂದ ಮಗುವಿಗೆ, ಮಗುವಿನಿಂದ ಮೊಮ್ಮಗುವಿಗೆ ಇಳಿಯಬೇಕು ಎಂದು ಗುರುದೇವಿ ಓದಿದ್ದಳು. ಇದು ಪಕ್ಕದ ಮನೆಯಿಂದ ಹೆಪ್ಪು ತಂದ ಹಾಗೆ ಅಡ್ಡಡ್ಡ ಬಂದಿತ್ತು. ಆ ಪ್ರಬಂಧವನ್ನು ಅವಳು ಇಂದುಮತಿಯ ಮನೆಯ ಮೆಟ್ಟಿಲ ಮೇಲೆ ಕೂತು ಎರಡು ಸಲ ಓದಿದಳು. ವಿಕಾಸವೆಂದರೆ ವಂಶವೃಕ್ಷ ಎಂದುಕೊಂಡಿದ್ದವಳಿಗೆ ಕೊಂಬೆಯಿಂದ ಕೊಂಬೆಗೆ ಹಗ್ಗ ಕಟ್ಟಿರುವುದು ಕಂಡು ಖುಷಿಯಾಯಿತು.

ಲ್ಯಾಬಿನಲ್ಲಿ ಎರಡು ಶಿಲೀಂಧ್ರಗಳಿದ್ದವು. ಒಂದು ಪ್ರಬಂಧದ ಆ ಎರಡನೆಯದು; ಅದಕ್ಕೆ ಅವರು ಹಳದಿ ಚುಕ್ಕೆ ಎನ್ನುತ್ತಿದ್ದರು. ಅದರಲ್ಲಿ ವಿಷದ ಜೀನು ಇರುವುದು ಜಗತ್ತಿಗೆಲ್ಲ ಗೊತ್ತಿತ್ತು. ಇನ್ನೊಂದು ಕರಿ ಚುಕ್ಕೆ; ಅದರಲ್ಲಿ ಈ ಜೀನನ್ನು ಅವರಿಗೆ ತಿಳಿದಂತೆ ಯಾರೂ ಕಂಡಿರಲಿಲ್ಲ. ಬೇರೆ ಬೇರೆ ಹೊಲಗಳಿಂದ ಬಂದ ಕರಿ ಚುಕ್ಕೆಯ ಮೂವತ್ತೊಂದು ತಟ್ಟೆಗಳು ಗುರುದೇವಿಯ ಜವಾಬ್ದಾರಿಯಲ್ಲಿದ್ದವು. ದಾಟಿದೆಯೋ ಇಲ್ಲವೋ ನೋಡಿಬಿಡೋಣ ಎಂದು ದ್ವಾರಕಾನಾಥ ಹೇಳಿದ್ದರು.

ಇದೇ ಹೊತ್ತಿಗೆ ಮೇಲಿನಿಂದ ಆಜ್ಞೆ ಬಂತು: ಕಷ್ಟದ ಕಾಲ, ಸಾಮಾನು ನೋಡಿ ಬಳಸಿ. ದ್ವಾರಕಾನಾಥ ಅದನ್ನು ಎಲ್ಲರಿಗೂ ಓದಿ ಹೇಳಿದರು. ಉಳಿದವರು ತಲೆಯಾಡಿಸಿ ಮರೆತರು. ಗುರುದೇವಿ ಮಾತ್ರ ಮನಸ್ಸಿಗೆ ತಗೊಂಡಳು. ಕಿರುಬೆರಳಿನ ತುದಿಯಷ್ಟು ಉದ್ದದ ಪ್ಲಾಸ್ಟಿಕ್ ಟ್ಯೂಬುಗಳನ್ನು ಜನ ಒಮ್ಮೆ ಬಳಸಿ ಬಿಸಾಡುವುದು ಕಂಡು ಅವಳ ಹೊಟ್ಟೆ ಮೊದಲಿನಿಂದಲೂ ಉರಿಯುತ್ತಿತ್ತು. ಯಾರಿಗೂ ಹೇಳದೆ ಅವುಗಳನ್ನು ಆರಿಸಿ ತೊಳೆದಳು, ಪ್ರೆಷರ್ ಕುಕ್ಕರಿನ ಅಣ್ಣನಂತಿದ್ದ ಆಟೋಕ್ಲೇವಿನಲ್ಲಿ ಬೇಯಿಸಿದಳು, ಒಣಗಿಸಿ ಡಬ್ಬಿಗೆ ತುಂಬಿದಳು. ಬೆಂದದ್ದು ಶುದ್ಧ ಎಂಬುದು ಅವಳು ಕಲಿತ ಶಾಸ್ತ್ರ. ತಟ್ಟೆಯಲ್ಲಿ ಬೂಷ್ಟು ಬೆಳೆಸುವವರಿಗೆ ಆ ಶಾಸ್ತ್ರ ಸರಿಯಾದದ್ದೇ.

ನವೆಂಬರಿನಲ್ಲಿ ಮೂವತ್ತೊಂದರಲ್ಲಿ ಏಳು ತಟ್ಟೆಗಳಲ್ಲಿ ವಿಷದ ಜೀನು ಕಾಣಿಸಿತು. ಯಂತ್ರ ಮಾಡಿದ ಪ್ರತಿಗಳನ್ನು ಹರಿಯಬಿಟ್ಟು ನೋಡುವ ಜೆಲ್ಲಿನ ಮೇಲೆ ಏಳು ಹೊಳೆಯುವ ಗೆರೆಗಳು. ದ್ವಾರಕಾನಾಥ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು. ಮೂರನೇ ಶಿಲೀಂಧ್ರಕ್ಕೂ ಜೀನು ದಾಟಿದೆಯೆಂದರೆ ಸಣ್ಣ ಮಾತಲ್ಲ. ನಾಳೆ ಕರಿ ಚುಕ್ಕೆಯೂ ದೊಡ್ಡ ರೋಗವಾಗಬಹುದು. ಅವರು ಅದೇ ವಾರ ಹೆಡ್ಡಾಫೀಸಿಗೆ ಬರೆದರು. ವಸಂತದಲ್ಲಿ ಈ ಲ್ಯಾಬನ್ನು ಇಟ್ಟುಕೊಳ್ಳಬೇಕೋ ಮುಚ್ಚಬೇಕೋ ಎಂದು ತೀರ್ಮಾನವಾಗುವುದಿತ್ತು. ಈ ಏಳು ಗೆರೆಗಳು ನಮ್ಮನ್ನು ಉಳಿಸುತ್ತವೆ ಎಂದು ಅವರು ಎಲ್ಲರೆದುರು ಹೇಳಿದರು. ಗುರುದೇವಿ ಚಿಕಾಗೋದಲ್ಲಿ ಭಾರತೀಯರ ಅಂಗಡಿಗಳಿರುವ ಡೆವನ್ ಅವೆನ್ಯೂಗೆ ಹೋಗಿ ಎಲ್ಲರಿಗೂ ಮೈಸೂರುಪಾಕು ತಂದಳು.

ಫೆಬ್ರವರಿಯ ಒಂದು ಬೆಳಗ್ಗೆ ಹೊಸ ಟ್ಯೂಬಿನ ಪೊಟ್ಟಣ ಮುಗಿದಿತ್ತು. ಪ್ರತಿ ಸಲ ಪರೀಕ್ಷೆಯ ಜೊತೆ ಬರೀ ನೀರು ತುಂಬಿದ ಒಂದು ಟ್ಯೂಬನ್ನೂ ಯಂತ್ರಕ್ಕಿಡುತ್ತಾರೆ. ನೀರಿನಲ್ಲಿ ಏನೂ ಕಾಣಿಸಬಾರದು, ಕಾಣಿಸಿದರೆ ಎಲ್ಲೋ ಗಲೀಜಾಗಿದೆ ಎಂದರ್ಥ. ಆ ನೀರಿನ ಟ್ಯೂಬನ್ನು ಯಾವಾಗಲೂ ದ್ವಾರಕಾನಾಥರೇ ಹೊಸ ಪೊಟ್ಟಣದಿಂದ ತೆಗೆದು ತುಂಬುತ್ತಿದ್ದರು. ಅಂದು ಅವರಿರಲಿಲ್ಲ. ಗುರುದೇವಿ ತಾನು ತೊಳೆದದ್ದರಲ್ಲೇ ಒಂದು ತೆಗೆದು ನೀರು ಹಾಕಿಟ್ಟಳು.

ನೀರಿನಲ್ಲಿ ಗೆರೆ ಬಂತು.

ಅವಳು ತೊಳೆದ ಟ್ಯೂಬುಗಳಲ್ಲಿ ಇನ್ನೂ ಹತ್ತನ್ನು ತೆಗೆದು, ಹತ್ತರಲ್ಲೂ ನೀರು ಹಾಕಿ ಮತ್ತೆ ಇಟ್ಟಳು. ಮಧ್ಯಾಹ್ನದ ಹೊತ್ತಿಗೆ ಆ ಹತ್ತು ಟ್ಯೂಬುಗಳಲ್ಲಿ ಮೂರಕ್ಕೆ ಗೆರೆ ಬಂತು. ಆಗ ಅರ್ಥವಾಯಿತು. ಬೇಯಿಸಿದರೆ ಶಿಲೀಂಧ್ರ ಸಾಯುತ್ತದೆ, ಆದರೆ ಅದರ ಡಿಎನ್‌ಎಯ ಚೂರು ಟ್ಯೂಬಿನ ಗೋಡೆಗೆ ಅಂಟಿಕೊಂಡು ಉಳಿಯುತ್ತದೆ. ಒಂದು ಚೂರು ಸಾಕು, ಯಂತ್ರ ಅದನ್ನು ಕೋಟಿ ಮಾಡಿ ತೋರಿಸುತ್ತದೆ. ಹಳದಿ ಚುಕ್ಕೆಗೆ ಬಳಸಿದ ಟ್ಯೂಬನ್ನು ತೊಳೆದು ಕರಿ ಚುಕ್ಕೆಗೆ ಬಳಸಿದ್ದಳು. ಹಾಗಾದರೆ ಆ ಏಳು ಗೆರೆಗಳು ಪ್ರಕೃತಿಯಲ್ಲಿ ದಾಟಿದವೋ, ಅವಳ ಸಿಂಕಿನಲ್ಲಿ ದಾಟಿದವೋ?

ಅವಳು ತೊಳೆದ ಟ್ಯೂಬಿನ ಡಬ್ಬಿಗೆ ಮುಚ್ಚಳ ಹಾಕಿ ಪಕ್ಕಕ್ಕಿಟ್ಟಳು. ನಾಚಿಕೆ, ಭಯ, ಎರಡೂ. ಈ ವಿಷಯ ಅವಳೊಬ್ಬಳಿಗೇ ಗೊತ್ತಿತ್ತು. ಡಬ್ಬಿಯನ್ನು ಕಸಕ್ಕೆ ಹಾಕಿ ಸುಮ್ಮನಿದ್ದರೆ ವಸಂತದವರೆಗೆ ಯಾರೂ ಕೇಳುತ್ತಿರಲಿಲ್ಲ, ಬಹುಶಃ ಆಮೇಲೂ. ಅರ್ಧ ಗಂಟೆ ಅದನ್ನೂ ಯೋಚಿಸಿದಳು, ದೇವತೆಯೇನಲ್ಲ. ಮರುದಿನ ದ್ವಾರಕಾನಾಥರು ಬಂದು ಕೋಟು ತೂಗುಹಾಕುವುದಕ್ಕೂ ಬಿಡದೆ ಹೇಳಿದಳು.

"ಸರ್, ನನ್ನಿಂದ ಒಂದ ತಪ್ಪಾಗೇತ್ರಿ. ಟ್ಯೂಬ್ ತೊಳದು ಮತ್ತ ಬಳಸೇನಿ. ಆ ಏಳೂ ಸುಳ್ಳಿರಬಹುದು."

ದ್ವಾರಕಾನಾಥ ಮೊದಲು ಅರ್ಥವಾಗದವರಂತೆ ನೋಡಿದರು. ಅರ್ಥವಾದ ಮೇಲೆ ಮುಖ ಸಿಡಿಯುವಂತಾಯಿತು. "ಇದು ಲ್ಯಾಬು ಗುರುದೇವಿ, ನಿಮ್ಮ ಕಿಚನ್ ಅಲ್ಲ" ಎಂದರು. ಹೆಡ್ಡಾಫೀಸಿಗೆ ಬರೆದದ್ದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು, ತಮ್ಮ ಹೆಸರು ಮಣ್ಣಾಯಿತು, ಮೂವತ್ತೊಂದು ತಟ್ಟೆಗಳನ್ನೂ ಬೇಯಿಸಿ ಬಿಸಾಡಿ ಇಲ್ಲಿಗೆ ಮುಗಿಸಿಬಿಡಿ ಎಂದು ಒಂದೇ ಉಸಿರಿನಲ್ಲಿ ಹೇಳಿದರು. ಗುರುದೇವಿ ಬೈಸಿಕೊಂಡಳು. ಬೈಗುಳ ನ್ಯಾಯವಾದದ್ದು ಎಂದು ಅವಳಿಗೂ ಗೊತ್ತಿತ್ತು. ಆದರೆ ಕೊನೆಯ ಮಾತು ಅವಳಿಗೆ ಒಪ್ಪಿಗೆಯಾಗಲಿಲ್ಲ.

"ಏಳೂ ಖರೇ ಅನ್ನೂದು ತಪ್ಪಾತು. ನೋಡದ ಏಳೂ ಸುಳ್ಳು ಅನ್ನೂದೂ ತಪ್ಪ ಅಲ್ಲೇನ್ರಿ?" ಎಂದಳು. "ಎಲಿಯಿಂದ ಮತ್ತ ಶುರು ಮಾಡ್ತೇನಿ. ನನ್ನ ಹೊತ್ತಿನಾಗ ಮಾಡ್ತೇನಿ."

ಎಲೆ ಎಲ್ಲಿದೆ ಎಂದು ಅವರು ಸಿಟ್ಟಿನಲ್ಲೇ ಕೇಳಿದರು. ಬೂಷ್ಟು ತೆಗೆದ ಮೇಲೆ ಎಲೆಯನ್ನು ಎಲ್ಲರೂ ಬಿಸಾಡುತ್ತಾರೆ. ಗುರುದೇವಿ ತನ್ನ ಕಪಾಟು ತೆರೆದಳು. ಮೂವತ್ತೊಂದು ಕಾಗದದ ಲಕೋಟೆಗಳಲ್ಲಿ ಮೂವತ್ತೊಂದು ಒಣಗಿದ ಗೋಧಿ ಎಲೆ, ನಂಬರು ಹಾಕಿ, ಸಾಲಾಗಿ ಜೋಡಿಸಿಟ್ಟಿದ್ದಳು. ಏನನ್ನೂ ಬಿಸಾಡದ ಚಾಳಿ ಒಂದು ಕಡೆ ಕೆಡಿಸಿದ್ದನ್ನು ಇನ್ನೊಂದು ಕಡೆ ಕಾಪಾಡಿತ್ತು. ದ್ವಾರಕಾನಾಥ ಒಂದು ಲಕೋಟೆಯ ನಂಬರು ಓದಿ, ಅದನ್ನು ಅದರ ಜಾಗದಲ್ಲೇ ಇಟ್ಟು ತಮ್ಮ ಕೋಣೆಗೆ ಹೋದರು. ಅದನ್ನು ಅವಳು ಒಪ್ಪಿಗೆ ಎಂದು ತಿಳಿದುಕೊಂಡಳು.

ಅಂದಿನಿಂದ ಬೆಳಗ್ಗೆ ಆರಕ್ಕೆ ಲ್ಯಾಬು. ಒಂಬತ್ತರವರೆಗೆ ತನ್ನ ಕೆಲಸ, ಆಮೇಲೆ ಕಂಪನಿಯ ಕೆಲಸ. ಹೊಸ ಟ್ಯೂಬು, ಹೊಸ ನೀರು, ಹೊಸ ಕೈಗವಸು. ಹಳದಿ ಚುಕ್ಕೆಯ ಒಂದು ತಟ್ಟೆಯೂ ಆ ಕೋಣೆಗೆ ಬರದಂತೆ ಬಾಗಿಲಿಗೆ ಚೀಟಿ ಅಂಟಿಸಿದಳು. ಜೊತೆಯ ಟೆಕ್ನಿಷಿಯನ್ನುಗಳು ಊಟದ ಹೊತ್ತಿನಲ್ಲಿ ತಮ್ಮ ಡಬ್ಬಿಗಳನ್ನು ಅವಳತ್ತ ಚಾಚಿ ತೊಳೆದುಕೊಡ್ತೀಯಾ ಎಂದು ನಗುತ್ತಿದ್ದರು. ನಗಲಿ ಎಂದು ಅವಳೂ ನಕ್ಕಳು. ಇಂದುಮತಿಯ ಮನೆಗೆ ಹೋಗಿ ಒಬ್ಬಳೇ ಇದ್ದಾಗ ಮಾತ್ರ ಆ ನಗು ಚುಚ್ಚುತ್ತಿತ್ತು. ಬದುಕಿನಲ್ಲಿ ಒಮ್ಮೆಯೂ ಅವಳನ್ನು ಯಾರೂ ಗಲೀಜಿನವಳು ಎಂದಿರಲಿಲ್ಲ.

ಮಾರ್ಚ್ ಮೊದಲ ವಾರ ಫಲಿತಾಂಶ ಬಂತು. ಏಳರಲ್ಲಿ ಆರು ಗೆರೆಗಳು ಮಾಯವಾಗಿದ್ದವು. ಆರೂ ಅವಳ ಸಿಂಕಿನ ಸಂತಾನ. ಒಂದು ಮಾತ್ರ ಉಳಿದಿತ್ತು, ಹತ್ತೊಂಬತ್ತನೇ ತಟ್ಟೆ. ಮತ್ತೆ ಮಾಡಿದಳು, ಮತ್ತೆ ಬಂತು. ಮೂರನೇ ಸಲವೂ ಬಂತು.

ದ್ವಾರಕಾನಾಥ ಒಂದು ನೋಟ ನೋಡಿ, ಆರು ಸುಳ್ಳಾದ ಮೇಲೆ ಏಳನೆಯದನ್ನು ಯಾರು ನಂಬುತ್ತಾರೆ ಎಂದರು. ಅದೂ ಕೈಗಂಟಿದ ಕೊಳೆಯೇ, ಸ್ವಲ್ಪ ಗಟ್ಟಿ ಕೊಳೆ ಅಷ್ಟೇ ಎಂದರು. ಮಾತು ಕಟುವಾಗಿತ್ತು, ಆದರೆ ಪ್ರಶ್ನೆ ಸರಿಯಿತ್ತು. ಗೆರೆ ಕಂಡರೆ ಜೀನು ಅಲ್ಲಿದೆ ಎಂದಷ್ಟೇ ಗೊತ್ತಾಗುತ್ತದೆ. ಅದು ಹತ್ತೊಂಬತ್ತರ ಸ್ವಂತ ಆಸ್ತಿಯೋ, ಹೊರಗಿನಿಂದ ಬಿದ್ದ ಧೂಳೋ ಎಂದು ಗೆರೆ ಹೇಳುವುದಿಲ್ಲ.

ಆ ಶುಕ್ರವಾರ ಕ್ಯಾಂಟನ್ನಿಗೆ ಹೋಗುವ ದಾರಿಯಲ್ಲಿ, ಕಲಮಜೂ ದಾಟಿದ ಮೇಲೆ ಹಿಮ ಸುರಿದು ಕಾರುಗಳೆಲ್ಲ ತೆವಳುತ್ತಿದ್ದಾಗ, ಅವಳಿಗೆ ಅಪ್ಪ ನೆನಪಾದರು. ಇಬ್ಬರು ಒಂದೇ ತುಂಡು ಭೂಮಿ ನನ್ನದು ನನ್ನದು ಎಂದು ಚಾವಡಿಗೆ ಬಂದರೆ ತಲಾಟಿ ಅಪ್ಪ ಆ ತುಂಡಿನ ಬಗ್ಗೆ ಒಂದು ಮಾತೂ ಕೇಳುತ್ತಿರಲಿಲ್ಲ. ಪತ್ರ ತೆಗೆದು ಚಕ್ಕುಬಂದಿ ಓದುತ್ತಿದ್ದರು: ಮೂಡಲಿಗೆ ಯಾರ ಹೊಲ, ಪಡುವಲಿಗೆ ಯಾರ ಹೊಲ. ಹೊಲ ಯಾರದು ಅಂತ ಹೊಲಕ್ಕ ಕೇಳಬ್ಯಾಡ, ಬಾಜೂ ಹೊಲಕ್ಕ ಕೇಳು ಎನ್ನುತ್ತಿದ್ದರು. ಗುರುದೇವಿ ಸ್ಟೀರಿಂಗು ಹಿಡಿದುಕೊಂಡೇ ನೆಟ್ಟಗೆ ಕೂತಳು. ವಿಷದ ಜೀನಿನ ಅಕ್ಕಪಕ್ಕ ಏನಿದೆ ಎಂದು ಓದಬೇಕು. ಕೊಳೆಯಾದರೆ ಅದರ ಸುತ್ತ ಎಷ್ಟು ದೂರ ಹೋದರೂ ಹಳದಿ ಚುಕ್ಕೆಯದೇ ಡಿಎನ್‌ಎ ಬರಹ ಇರುತ್ತದೆ. ನಿಜವಾಗಿ ದಾಟಿ ಬಂದದ್ದಾದರೆ, ಎಲ್ಲೋ ಒಂದು ಕಡೆ ಬದು ಬರಲೇಬೇಕು. ಬದುವಿನಾಚೆ ಕರಿ ಚುಕ್ಕೆಯ ಬರಹ, ಈಚೆ ಹಳದಿಯದು, ಎರಡೂ ಒಂದೇ ಎಳೆಯಲ್ಲಿ. ಹಾಗೆ ಬೆಸೆಯುವುದು ಟ್ಯೂಬಿನ ಕೊಳೆಗೆ ಸಾಧ್ಯವಿಲ್ಲ.

ಮನೆಯಲ್ಲಿ ಶಿವಬಸಪ್ಪ ಜೋಳದ ರೊಟ್ಟಿ ಬಡಿಯಲು ಕಲಿತಿದ್ದ. ಮಿಶಿಗನ್ನಿನ ನಕ್ಷೆಯಂತೆ ಒಂದು ಕಡೆ ಹೆಬ್ಬೆಟ್ಟು ಚಾಚಿಕೊಂಡಿದ್ದ ರೊಟ್ಟಿಯನ್ನು ಬಡಿಸುತ್ತ, ಕೆಲಸ ಹೋದರೂ ಹೋಗಲಿ, ಇಷ್ಟೊಂದು ಯಾಕೆ ಹಚ್ಚಿಕೊಂಡಿದ್ದೀ ಎಂದು ಕೇಳಿದ. ಹದಿನೇಳು ತಿಂಗಳಿಂದ ಕೆಲಸವಿಲ್ಲದವನ ಬಾಯಲ್ಲಿ ಆ ಮಾತು ಸುಲಭವಾಗಿ ಬಂದಿರಲಿಲ್ಲ. ಕೆಲಸದ ಚಿಂತೆಯೂ ಇದೆ, ಆದರೆ ಇದು ಅದಲ್ಲ ಎಂದಳು ಗುರುದೇವಿ.

"ಹತ್ತೊಂಬತ್ತು ಖರೇ ಇದ್ದು, ನನ್ನ ಹೊಲಸ ಕೈಯಿಂದ ಅದು ಸುಳ್ಳಾಗಿ ಹೋದ್ರ ನನಗ ತಡಕೊಳ್ಳಾಕ ಆಗೂದಿಲ್ಲ."

ಶಿವಬಸಪ್ಪ ಸೋಮವಾರ ನಸುಕಿನಲ್ಲಿ ಅವಳ ಕಾರಿನ ಗಾಜಿನ ಹಿಮ ಕೆರೆದು, ಎಂಜಿನ್ ಬಿಸಿ ಮಾಡಿ ನಿಲ್ಲಿಸಿದ್ದ.

ಚಕ್ಕುಬಂದಿ ಓದುವುದು ನಿಧಾನದ ಕೆಲಸ. ಒಂದು ಸಲಕ್ಕೆ ಡಿಎನ್‌ಎಯ ಏಳುನೂರು ಅಕ್ಷರ ಓದಬಹುದು. ಓದಿದ ತುದಿಯಿಂದ ಮತ್ತೆ ಮುಂದಕ್ಕೆ ಹೆಜ್ಜೆ. ಪ್ರತಿ ಹೆಜ್ಜೆಗೂ ಸ್ಯಾಂಪಲ್ ಹೊರಗೆ ಕಳಿಸಿ ಮೂರು ದಿನ ಕಾಯಬೇಕು. ಜೀನಿನ ಎಡಕ್ಕೆ ಮೊದಲ ಹೆಜ್ಜೆ: ಪೂರಾ ಹಳದಿ ಚುಕ್ಕೆಯ ಬರಹ. ಎರಡನೆಯದು: ಅದೇ. ಮೂರನೆಯದು ಬಂದಾಗ ದ್ವಾರಕಾನಾಥರೂ ಬಂದು ಪರದೆಯ ಮುಂದೆ ನಿಂತರು. ಅಕ್ಷರಕ್ಕೆ ಅಕ್ಷರ ಹಳದಿಯದೇ. ಇನ್ನಾದರೂ ಬಿಡಿ, ಇದು ಕೊಳೆ, ನಿಮಗೂ ಗೊತ್ತಾಗಿದೆ ಎಂದು ಅವರು ಈ ಸಲ ಮೆತ್ತಗೆ ಹೇಳಿದರು. ಆ ಮೆತ್ತಗಿನ ದನಿ ಬೈಗುಳಕ್ಕಿಂತ ಕೆಟ್ಟದಾಗಿತ್ತು. ದಾಟಿದ ತುಂಡು ದೊಡ್ಡದಿದ್ದರೆ ಬದು ದೂರವಿರುತ್ತದೆ ಎಂದಳು ಗುರುದೇವಿ. ಎಷ್ಟು ದೂರ ಎಂದು ಅವರು ಕೇಳಿದ್ದಕ್ಕೆ ಅವಳು ಮುಂದಿನ ಹೆಜ್ಜೆಯ ಸ್ಯಾಂಪಲ್ ಕಟ್ಟತೊಡಗಿದಳು. ನಾಲ್ಕನೆಯ ಹೆಜ್ಜೆಯಲ್ಲೂ ಬದು ಸಿಗಲಿಲ್ಲ, ಐದನೆಯದರಲ್ಲೂ ಸಿಗಲಿಲ್ಲ. ಆರನೆಯದು ಯಂತ್ರದಲ್ಲೇ ಕೆಟ್ಟಿತು. ಅದನ್ನು ಎರಡು ಸಲ ಮಾಡಬೇಕಾಯಿತು. ಲ್ಯಾಬಿನ ತೀರ್ಮಾನಕ್ಕೆಂದು ಹೆಡ್ಡಾಫೀಸಿನವರು ಬರುವುದಕ್ಕೆ ಹನ್ನೊಂದು ದಿನ ಉಳಿದಿತ್ತು. ಆ ವಾರಾಂತ್ಯ ಅವಳು ಕ್ಯಾಂಟನ್ನಿಗೂ ಹೋಗಲಿಲ್ಲ.

ಏಳನೆಯ ಹೆಜ್ಜೆಯ ಫಲಿತಾಂಶ ಬುಧವಾರ ಬೆಳಗ್ಗೆ ಬಂತು. ಮೊದಲ ಇನ್ನೂರು ಅಕ್ಷರ ಹಳದಿ. ಮುನ್ನೂರು, ಹಳದಿ. ಮುನ್ನೂರ ನಲವತ್ತೆರಡನೇ ಅಕ್ಷರದ ನಂತರ ಬರಹ ಬದಲಾಯಿತು. ಗುರುದೇವಿ ಬೆರಳಿಟ್ಟುಕೊಂಡು ಓದಿದಳು. ಬದುವಿನ ಆಚೆ ಇದ್ದದ್ದು ಕರಿ ಚುಕ್ಕೆಯ ಬರಹ. ಇಪ್ಪತ್ತನೇ ತಟ್ಟೆಯಲ್ಲಿ, ಹದಿನೆಂಟರಲ್ಲಿ, ವಿಷವಿಲ್ಲದ ಎಲ್ಲ ಕರಿ ಚುಕ್ಕೆಗಳಲ್ಲೂ ಆ ಜಾಗದಲ್ಲಿ ಅದೇ ಬರಹ ತಡೆಯಿಲ್ಲದೆ ಮುಂದುವರಿಯುತ್ತಿತ್ತು; ಹತ್ತೊಂಬತ್ತರಲ್ಲಿ ಮಾತ್ರ ಅದನ್ನು ಸೀಳಿಕೊಂಡು ಪರರ ತುಂಡೊಂದು ಬಂದು ಕೂತಿತ್ತು. ಅವಳು ಪರದೆಯ ಮುಂದೆ ಕೂತು ಅತ್ತಳು. ಇಷ್ಟು ದಿನ ಅತ್ತಿರಲಿಲ್ಲ. ಆಮೇಲೆ ಮುಖ ತೊಳೆದು ದ್ವಾರಕಾನಾಥರನ್ನು ಕರೆದಳು. ಅವರು ತುಂಬ ಹೊತ್ತು ನೋಡಿ, ಇನ್ನೊಂದು ಕುರ್ಚಿ ಎಳೆದು ಅವಳ ಪಕ್ಕ ಕೂತರು.

ವರದಿಯನ್ನು ಅವರೇ ಬರೆದರು, ಚೆನ್ನಾಗಿಯೇ ಬರೆದರು. ಹತ್ತೊಂಬತ್ತು, ಬದು, ಎಲ್ಲ ಇತ್ತು. ತೊಳೆದ ಟ್ಯೂಬು ಇರಲಿಲ್ಲ, ಆ ಆರು ತಟ್ಟೆಗಳೂ ಇರಲಿಲ್ಲ. ಗುರುದೇವಿ ಅದನ್ನು ಓದಿ ಅವರ ಕೋಣೆಗೆ ಹೋದಳು.

"ಆ ಆರು ಯಾಕೆ ಮೆನ್ಷನ್ ಮಾಡ್ಬೇಕು ಹೇಳಿ?" ಎಂದರು ದ್ವಾರಕಾನಾಥ. "ಹತ್ತೊಂಬತ್ತು ಸಾಲಿಡ್ ಆಗಿದೆ. ನಿಮ್ಮ ಮರ್ಯಾದೆ ಉಳಿಸೋಕೇ ಬಿಟ್ಟಿದೀನಿ."

"ಅದನ್ನ ಬಿಟ್ರ ಹತ್ತೊಂಬತ್ತರ ಮ್ಯಾಲೂ ನನ್ನ ಹೆಸರ ಹಾಕಬ್ಯಾಡ್ರಿ ಸರ್."

ಅವರು ಪೆನ್ನು ಮುಚ್ಚಿ ತೆರೆದು, ಮುಚ್ಚಿ ತೆರೆದು, ಕೊನೆಗೆ ಅದನ್ನು ನೀವೇ ಬರೆಯಿರಿ ಎಂದರು. ಗುರುದೇವಿ ಒಂದು ಪುಟ ಬರೆದಳು. ಯಾವ ಟ್ಯೂಬು, ಯಾವಾಗ ತೊಳೆದದ್ದು, ಯಾಕೆ ತೊಳೆದದ್ದು, ಯಾವ ಆರು ಫಲಿತಾಂಶ ಅದರಿಂದ ಸುಳ್ಳಾದವು, ಎಲ್ಲವನ್ನೂ ಬರೆದು ಕೆಳಗೆ ಸಹಿ ಹಾಕಿದಳು.

ಏಪ್ರಿಲ್ ಕೊನೆಗೆ ಹೆಡ್ಡಾಫೀಸಿನ ಇಬ್ಬರು ಮ್ಯಾನೇಜರುಗಳು ಬಂದರು. ಸಲಹೆ ಕೊಡಲು ಕ್ಯಾನ್ಸಸ್ಸಿನ ಒಬ್ಬ ವಯಸ್ಸಾದ ಪ್ರೊಫೆಸರಮ್ಮನನ್ನು ಕರೆತಂದಿದ್ದರು. ಬೆಳ್ಳಗಿನ ಗಿಡ್ಡ ಕೂದಲು, ಹೊಲದಲ್ಲಿ ತಿರುಗಿದವರ ಒರಟು ಕೈ. ಮ್ಯಾನೇಜರುಗಳು ಗೋಡೆ ಗಡಿಯಾರ ನೋಡುತ್ತಿದ್ದರು. ಪ್ರೊಫೆಸರಮ್ಮ ಮಾತ್ರ ವರದಿಯ ಪುಟಗಳನ್ನು ಒಂದೊಂದಾಗಿ ಓದಿ, ಆ ಸಹಿಯಿದ್ದ ಪುಟಕ್ಕೆ ಬಂದು ನಿಂತರು. ತೊಳೆದವರು ಯಾರು ಎಂದು ಕೇಳಿದರು. ಗುರುದೇವಿ ಎದ್ದು ನಿಂತಳು. ಹತ್ತೊಂಬತ್ತು ನಿಮ್ಮ ಏಳನೇ ತಪ್ಪಲ್ಲ ಎಂದು ನಾನು ಹೇಗೆ ನಂಬಲಿ ಎಂದು ಆಕೆ ಕೇಳಿದರು. ಗುರುದೇವಿ ತನ್ನ ಇಂಗ್ಲಿಷಿನಲ್ಲಿ, ಎಲ್ಲೂ ಅವಸರಪಡದೆ, ಬದುವಿನ ವಿಷಯ ಹೇಳಿದಳು. ನನ್ನನ್ನು ನಂಬಬೇಡಿ, ತಟ್ಟೆಯನ್ನು ತೆಗೆದುಕೊಂಡು ಹೋಗಿ ನಿಮ್ಮ ಲ್ಯಾಬಿನಲ್ಲಿ ನೀವೇ ಓದಿ ಎಂದಳು. ಪ್ರೊಫೆಸರಮ್ಮ ಕನ್ನಡಕದ ಮೇಲಿಂದ ಅವಳನ್ನು ನೋಡಿ, ಹಾಗೇ ಮಾಡುತ್ತೇನೆ ಎಂದರು.

ಲ್ಯಾಬು ಉಳಿಯಲಿಲ್ಲ. ಮೇ ತಿಂಗಳಲ್ಲಿ ಕಾಗದ ಬಂತು. ಹತ್ತೊಂಬತ್ತಕ್ಕೂ ಅದಕ್ಕೂ ಸಂಬಂಧವಿರಲಿಲ್ಲ. ಮುಚ್ಚುವುದು ಚಳಿಗಾಲದಲ್ಲೇ ತೀರ್ಮಾನವಾಗಿತ್ತಂತೆ, ಹೇಳುವುದಷ್ಟೇ ಬಾಕಿ ಇತ್ತಂತೆ. ದ್ವಾರಕಾನಾಥ ಮಗಳ ಮನೆಗೆ ಟೆಕ್ಸಸ್ಸಿಗೆ ಹೊರಟರು. ಹೋಗುವ ಮುಂಚೆ ಗುರುದೇವಿಗೆ ಒಂದು ಶಿಫಾರಸು ಪತ್ರ ಕೊಟ್ಟರು. ಅದರಲ್ಲಿ ಹೊಗಳಿಕೆ ಕಡಿಮೆ ಇತ್ತು, ನಡೆದದ್ದು ನಡೆದಂತೆ ಇತ್ತು. ಅವಳಿಗೆ ಅದು ಇಷ್ಟವಾಯಿತು.

ಜೂನಿನ ಎರಡನೇ ಶುಕ್ರವಾರ ಅವಳ ಕೊನೆಯ ದಿನ. ಇಂದುಮತಿಯ ಕೋಣೆ ಖಾಲಿ ಮಾಡಿ, ಎರಡು ಚೀಲ ಕಾರಿಗೆ ಹಾಕಿ, 94 ಹಿಡಿದಳು. ಬ್ಯಾಟಲ್ ಕ್ರೀಕ್ ಹತ್ತಿರ ರೆಸ್ಟ್ ಏರಿಯಾದಲ್ಲಿ ನಿಂತಿದ್ದಾಗ ಫೋನು ಬಂತು. ಕ್ಯಾನ್ಸಸ್ಸಿನ ಪ್ರೊಫೆಸರಮ್ಮ. ತಟ್ಟೆಯ ಮೇಲಿನ ಚೀಟಿ ಕಿತ್ತು, ಏನೂ ತಿಳಿಯದ ಒಬ್ಬರ ಕೈಗೆ ಕೊಟ್ಟು ಓದಿಸಿದೆ ಎಂದರು. ಬದು ಅದೇ ಜಾಗದಲ್ಲಿದೆ, ಒಂದು ಅಕ್ಷರವೂ ಆಚೀಚೆ ಇಲ್ಲ ಎಂದರು. ಬೇರೆ ಯಾರ ವರದಿಯಾಗಿದ್ದರೂ ನಾನು ಇಷ್ಟು ಶ್ರಮ ತೆಗೆದುಕೊಳ್ಳುತ್ತಿರಲಿಲ್ಲ, ತಪ್ಪನ್ನು ಬರೆದಿಟ್ಟ ಆ ಪುಟ ನೋಡಿಯೇ ಇದನ್ನು ಮಾಡಿಸಿದೆ ಎಂದೂ ಹೇಳಿದರು. ಕೆಲಸ ಕೊಡಲು ತಮ್ಮ ಬಳಿಯೂ ಏನೂ ಇಲ್ಲ ಎಂದು ಆಕೆ ನೊಂದುಕೊಂಡರು. ಗುರುದೇವಿ ಥ್ಯಾಂಕ್ಸ್ ಹೇಳಿ, ಫೋನು ಇಟ್ಟು, ಮತ್ತೆ ಕಾರು ಹತ್ತಿದಳು.

ಕ್ಯಾಂಟನ್ನಿನ ಮನೆ ತಲುಪಿದಾಗ ಇನ್ನೂ ಬೆಳಕಿತ್ತು. ಗರಾಜಿನ ಬಾಗಿಲು ತೆರೆದು ಶಿವಬಸಪ್ಪ ನಿಂತಿದ್ದ. ಅವಳು ಇಳಿದಳು. ಚೀಲ ತೆಗೆದುಕೊಳ್ಳಲು ಅವನು ಕೈ ಚಾಚಿದ, ಅವಳು ಕೊಡಲಿಲ್ಲ.

"ಕೆಲಸ ಮುಗೀತು" ಎಂದಳು. "ಹತ್ತೊಂಬತ್ತು ಖರೇ ಐತಿ."

ಶಿವಬಸಪ್ಪ ಅವಳ ಮುಖವನ್ನೇ ನೋಡಿದ.

"ಮೊದಲನೇದು ನನಗ ಗೊತ್ತಿತ್ತು" ಎಂದ. "ಎರಡನೇದು ಇನ್ನೊಮ್ಮೆ ಹೇಳು."

ಗುರುದೇವಿ ಅಲ್ಲೇ ಗರಾಜಿನಲ್ಲಿ, ಚೀಲ ಹೆಗಲ ಮೇಲಿದ್ದಂತೆಯೇ, ಮೊದಲಿನಿಂದ ಹೇಳತೊಡಗಿದಳು.